ಕೌಂಟರಮ್ಮನ ಗುರುವಾರ

"ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಮಗ ಅಂದದ್ದು ಮೊದಲನೆಯ ಗುರುವಾರ. ಎರಡನೆಯ ಗುರುವಾರವೂ ಅದನ್ನೇ ಅಂದ. ಮೂರನೆಯ ಸಲ ಬಾಯಿ ತೆರೆಯುವ ಹೊತ್ತಿಗೆ ಅಮ್ಮ ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿಯಾಗಿತ್ತು.

"ಹೊಸದೇನಾದ್ರೂ ಇದ್ರೆ ಹೇಳಪ್ಪ. ಆ ಗಾದೆ ನಾನೇ ನಿನಗೆ ಕಲಿಸಿದ್ದು" ಎಂದು ಹೇಳಿ ಹೊರಟೇಬಿಟ್ಟಳು.

ಆಕೆಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು ಅನ್ನಿ. ಆದರೆ ಊರಿಗೆಲ್ಲ ಆಕೆ ಕೌಂಟರಮ್ಮ. ಆಯುಷ್ಯದ ಬಹುಪಾಲು ಸಿನಿಮಾ ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಕಳೆದವಳು. ಒಂದು ಕೈ ತೂರುವಷ್ಟು ಕಿಂಡಿ, ಈಚೆಗೆ ಈಕೆ, ಆಚೆಗೆ ಕುದಿಯುವ ಜನ. ಸಾಲು ಮುರಿದವನು ಟಾಕೀಸಿನ ಯಜಮಾನನ ಭಾಮೈದನೇ ಆಗಿರಲಿ, "ಹಿಂದೆ ಹೋಗಿ" ಎಂದರೆ ಹಿಂದೆ ಹೋಗಬೇಕು, ಅಷ್ಟೇ. ಆಮೇಲೆ ಟಾಕೀಸು ಹೋಗಿ ಬಟ್ಟೆ ಅಂಗಡಿ ಬಂತು. ಗಂಡನೂ ತೀರಿಕೊಂಡ. ಹೆಸರು ಉಳಿಯಿತು, ಗಂಟಲೂ ಉಳಿಯಿತು. ಆದರೆ ಆ ಗಂಟಲಿಗೆ ಈಗ ಇದ್ದ ಕೆಲಸವೆಂದರೆ ಮೊಮ್ಮಗನಿಗೆ "ಆ ಅನ್ನು, ಬಾಯಿ ತೆಗಿ" ಅನ್ನುವುದೊಂದೇ.

ಮೊಮ್ಮಗನೆಂದರೆ ಪ್ರಾಣ. ಅದರಲ್ಲಿ ಎರಡು ಮಾತಿಲ್ಲ. ಮಗ ಪ್ರೆಸ್ಸಿನಲ್ಲಿ ಫೋರ್‌ಮನ್, ಸೊಸೆ ಬ್ಯಾಂಕಿನಲ್ಲಿ ಗುಮಾಸ್ತೆ. ಮಗುವನ್ನು ಯಾರು ನೋಡಿಕೊಳ್ಳಬೇಕು ಎಂಬ ಮಾತು ಆ ಮನೆಯಲ್ಲಿ ಬಂದೇ ಇರಲಿಲ್ಲ. "ಅಮ್ಮ ಇದಾಳಲ್ಲ" ಅಂದರೆ ಮುಗಿಯಿತು. ಗಡಿಯಾರ ಇದೆಯಲ್ಲ, ಬೀರು ಇದೆಯಲ್ಲ ಅಂದ ಹಾಗೆ. ಒಂದು ದಿನ, ಒಂದೇ ಒಂದು ದಿನ, "ಅಮ್ಮ, ನಿನಗೆ ಆಗುತ್ತಾ?" ಅಂತ ಕೇಳಿದ್ದರೆ ಆಕೆಗೆ ಇಷ್ಟು ಉರಿಯುತ್ತಿರಲಿಲ್ಲ.

ಬಿ.ಪಿ. ಮಾತ್ರೆಗೆಂದು ದೊಡ್ಡಾಸ್ಪತ್ರೆಗೆ ಹೋದಾಗ ಗೋಡೆಯ ಮೇಲೆ ಆ ಬರಹ ಕಂಡಿತು: "ಹಿರಿಯರು ಬೇಕಾಗಿದ್ದಾರೆ." ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದಳು. ಹಿರಿಯರಿಗೆ ಸೀಟು ಬಿಡಿ, ಹಿರಿಯರಿಗೆ ರಿಯಾಯಿತಿ, ಇವೆಲ್ಲ ಕಂಡದ್ದುಂಟು. ಬೇಕಾಗಿದ್ದಾರೆ ಅಂತ ಯಾರೂ ಬರೆದದ್ದನ್ನು ಕಂಡಿರಲಿಲ್ಲ! ನೇರ ಹೋಗಿ ದೊಡ್ಡ ಸಿಸ್ಟರನ್ನು ಹಿಡಿದಳು.

"ಸಂಬಳ ಇಲ್ಲಮ್ಮ" ಎಂದರು ಸಿಸ್ಟರ್. "ವಾರಕ್ಕೊಂದು ದಿನ ಮುಂದಿನ ಹಾಲ್‌ನಲ್ಲಿ ಕೂತು, ಬಂದವರಿಗೆ ಎಲ್ಲಿಗೆ ಹೋಗ್ಬೇಕು ಅಂತ ಹೇಳೋದು. ಆದ್ರೆ ಮನೆಯವರ ತಕರಾರು ಬಂದ್ರೆ ಮಾತ್ರ ನಿಲ್ಲಿಸಲೇಬೇಕಾಗುತ್ತೆ. ಹಿಂದೆ ಒಬ್ಬರ ಮಗಳು ಬಂದು ದೊಡ್ಡ ರಾದ್ಧಾಂತ ಮಾಡಿಬಿಟ್ರು."

ಕೌಂಟರಮ್ಮ ಆರಿಸಿಕೊಂಡದ್ದು ಗುರುವಾರ. ಯಾಕೆಂದರೆ ಪ್ರೆಸ್ಸಿಗೆ ವಾರದ ರಜೆ ಗುರುವಾರ. ಮಗುವಿನ ಅಪ್ಪ ಮನೆಯಲ್ಲೇ ಬಿದ್ದಿರುವ ದಿನ. ಯಾರಿಗೇನು ತೊಂದರೆ?

ತೊಂದರೆ ಆದದ್ದು ಆ ಅಪ್ಪನಿಗೇ. ಗುರುವಾರ ಮಧ್ಯಾಹ್ನದವರೆಗೆ ಮುಸುಕೆಳೆದು ಮಲಗುವುದು ಅವನ ಜನ್ಮಸಿದ್ಧ ಹಕ್ಕಾಗಿತ್ತು.

"ಸಂಬಳ ಇಲ್ಲ, ಹೋಗ್ಲಿ ಅಂದ್ರೆ ಬಸ್ಸಿನ ಖರ್ಚೂ ಕೊಡಲ್ಲ. ಈ ವಯಸ್ಸಲ್ಲಿ ಯಾಕಮ್ಮ ಬಿಟ್ಟಿ ಚಾಕರಿ?" ಎಂದು ರೇಗಿದ.

"ಬಿಟ್ಟಿ ಚಾಕರಿ ನಾನು ಮಾಡ್ತಿರೋದು ಈ ಮನೇಲಿ ಕಣೋ. ಅಲ್ಲಿ ಮಾಡ್ತಿರೋದು ನನ್ನ ಖುಷಿಗೆ."

ಪಾತ್ರೆ ತೊಳೆಯುತ್ತಿದ್ದ ಸೊಸೆ ಗೋಡೆ ಕಡೆ ತಿರುಗಿದಳು. ನಗುವಿಗೆ ಅವಳ ಭುಜ ಕುಲುಕುತ್ತಿದ್ದದ್ದು ಅತ್ತೆಗೆ ಕಾಣಿಸಿತು. ಗಂಡನಿಗೂ ಕಾಣಿಸಿತು, ಮೈಯೆಲ್ಲ ಉರಿದುಹೋಯಿತು. "ನೋಡ್ತಿರು, ನಾನೇ ಬಂದು ಆ ಸಿಸ್ಟರ್ ಹತ್ರ ತಕರಾರು ಕೊಡ್ತೀನಿ" ಅಂದ. ಸಿಸ್ಟರ್ ಹಾಕಿದ ಷರತ್ತನ್ನು ಕೌಂಟರಮ್ಮನೇ ಬಾಯಿ ತಪ್ಪಿ ಮನೆಯಲ್ಲಿ ಹೇಳಿಬಿಟ್ಟಿದ್ದಳು. ಈಗ ನಾಲಿಗೆ ಕಚ್ಚಿಕೊಂಡು ಏನು ಬಂತು?

ಆಸ್ಪತ್ರೆಯ ಆ ಮುಂದಿನ ಹಾಲ್ ಹೇಗಿತ್ತು ಗೊತ್ತೇ? ಆಕೆ ಹೋಗುವ ಮುಂಚೆ ಅದು ಸಂತೆ. ಎಲ್ಲರೂ ಮೇಜಿನ ಮೇಲೆ ಬಿದ್ದು ಒಟ್ಟಿಗೆ ಕೇಳುವವರೇ. ಗಟ್ಟಿ ಗಂಟಲಿನವನಿಗೆ ಉತ್ತರ, ಮೆತ್ತಗಿನವರಿಗೆ ಮೊಣಕೈ ತಿವಿತ. ಕೌಂಟರಮ್ಮ ಮೊದಲ ದಿನವೇ ಎರಡು ಬೆಂಚು ಎಳೆದು ಓಣಿ ಮಾಡಿದಳು. "ಒಬ್ಬೊಬ್ಬರೇ ಬನ್ನಿ. ಕೂಗಿದವರಿಗೆ ಕೊನೇ ಜಾಗ!" ಟಾಕೀಸಿನ ಗಂಟಲು, ಕೇಳಬೇಕೆ? ಜನ ಗಪ್‌ಚುಪ್. ರಕ್ತ ಪರೀಕ್ಷೆ ಎಡಕ್ಕೆ, ಎಕ್ಸ್‌ರೇ ಮೆಟ್ಟಿಲ ಹಿಂದೆ, ಔಷಧಿ ಕಿಟಕಿ ಅಂಗಳ ದಾಟಿ. ಒಮ್ಮೆ ಡಾಕ್ಟರ ಕೋಣೆಯಿಂದ ಬಂದ ಒಬ್ಬ ಹೆಂಗಸು ಏನನ್ನೂ ಕೇಳದೆ ಸುಮ್ಮನೆ ಮೇಜಿನ ಎದುರು ನಿಂತುಬಿಟ್ಟಳು. ಕೌಂಟರಮ್ಮ ಅವಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಒಂದು ಕೈಯಲ್ಲಿ ಅವಳ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಉಳಿದವರಿಗೆ ದಾರಿ ತೋರಿಸಿದಳು. ಸಂಜೆ ಕಾಲು ಊದಿಕೊಂಡಿರುತ್ತಿತ್ತು. ಆದರೂ ವಾರದಲ್ಲಿ ತಾನು ಬದುಕಿರುವುದು ಆ ಒಂದು ದಿನ ಎಂದು ಆಕೆಗೆ ಅನ್ನಿಸುತ್ತಿತ್ತು. ಅದನ್ನು ಕಿತ್ತುಕೊಂಡರೆ ಉಳಿಯುವುದು ಬೀರುವಿನ ಬಾಳು.

ಮುಂದಿನ ಗುರುವಾರ ಮಗ ಬಂದೇಬಿಟ್ಟ. ತಲೆ ಕೆದರಿದೆ, ಅಂಗಿಯ ಗುಂಡಿ ಮೇಲೆಕೆಳಗಾಗಿದೆ, ಕಂಕುಳಲ್ಲಿ ಮಗು ಅರಚಾಡುತ್ತಿದೆ. ನೇರ ಮೇಜಿಗೆ ನುಗ್ಗಿದ.

"ಅಮ್ಮಾ, ಸಾಕು ಎದ್ದೇಳು. ಮನೆಗೆ ನಡಿ."

"ಸಾಲಲ್ಲಿ ಬಾ."

"ಏನಂದೆ? ನಾನು ನಿನ್ನ ಮಗ!"

"ಇವರೆಲ್ಲ ಯಾರಿಗೂ ಮಕ್ಕಳಲ್ವಾ? ಸಾಲಲ್ಲಿ ಬಾ."

ಹಿಂದಿನಿಂದ ನಾಲ್ಕು ಬಾಯಿ ಒಟ್ಟಿಗೆ "ಹಿಂದೆ ಹೋಗ್ರೀ" ಅಂದವು. ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಬಾಲದಲ್ಲಿ ನಿಂತ. ಸಾಲು ಸವೆದು ಅವನ ಸರದಿ ಬಂತು. ಕೌಂಟರಮ್ಮ ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದಳು.

"ಹೇಳಿ, ಏನು ತೊಂದರೆ?"

"ಮಗು ಬೆಳಗ್ಗೆಯಿಂದ ಅಳ್ತಿದೆ. ನೋಡ್ಕೊಳ್ಳೋರು ಯಾರೂ ಇಲ್ಲ."

"ಮಗುವಿನ ಅಪ್ಪ ಎಲ್ಲಿ?"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಗನ ಕಿವಿ ಕೆಂಪಾಯಿತು. "ತಮಾಷೆ ಮಾಡ್ತೀಯಾ? ಈಗಲೇ ತಕರಾರು ಕೊಡ್ತೀನಿ. ಮುಂದಿನ ವಾರದಿಂದ ನಿನಗೆ ಈ ಕುರ್ಚಿ ಇರಲ್ಲ."

ಆಕೆಯ ಬಾಯಿಗೆ "ಬೇಡ ಕಣೋ, ನಡಿ ಬರ್ತೀನಿ" ಎಂಬ ಮಾತು ಬಂದೇಬಿಟ್ಟಿತ್ತು. ಅದನ್ನು ನುಂಗಿದಳು. ಇಷ್ಟು ವರ್ಷ ಆ "ಬರ್ತೀನಿ"ಯನ್ನು ನುಂಗದೆ ಆಡಿದ್ದಕ್ಕೇ ತಾನೇ ಈ ಗತಿ? ಇಡೀ ತೋಳು ಚಾಚಿ ತೋರಿಸಿದಳು.

"ತಕರಾರು ಕೊಡೋದು ಎಡಗಡೆ ಮೂರನೇ ಬಾಗಿಲು. ದೊಡ್ಡ ಸಿಸ್ಟರ್ ಒಳಗೇ ಇದಾರೆ. ಏನಂತ ತಕರಾರು ಅಂತ ಕೇಳ್ತಾರೆ, ಸರಿಯಾಗಿ ಹೇಳು. ನನ್ನ ರಜಾ ದಿನ ನನ್ನ ಮಗೂನ ನಾನೇ ನೋಡ್ಕೋಬೇಕಾಗಿದೆ, ಅನ್ನು."

ಅವನು ದುಡುದುಡು ಹೊರಟ. ಕೌಂಟರಮ್ಮ ಮುಂದಿನವನ ಚೀಟಿ ಹಿಡಿದುಕೊಂಡಿದ್ದರೂ ಅದರಲ್ಲಿ ಒಂದಕ್ಷರವೂ ಕಾಣಿಸಲಿಲ್ಲ. ಮಗ ಮೂರನೇ ಬಾಗಿಲ ಹಿಡಿಗೆ ಕೈ ಹಾಕಿದ. ಹಾಕಿದವನು ಹಾಗೇ ನಿಂತ. ಅವನ ಅಂಗಿಯ ಪಕ್ಕೆ ಒದ್ದೆಯಾಗಿ ಬಣ್ಣ ತಿರುಗುತ್ತಿತ್ತು. ಮಗು ಅಳು ನಿಲ್ಲಿಸಿ, ಹಗುರಾಗಿ, ಅಪ್ಪನ ಮೂಗು ಹಿಡಿದು ನೋಡುತ್ತಿತ್ತು. ಅವನು ಬಾಗಿಲನ್ನು ನೋಡಿದ, ಮಗುವನ್ನು ನೋಡಿದ, ತಿರುಗಿ ಬಂದು ಸಾಲಿನ ಕೊನೆಯಲ್ಲಿ ನಿಂತುಕೊಂಡ. ಈ ಸಲ ಯಾರೂ ಹೇಳಬೇಕಾಗಲಿಲ್ಲ.

ಸರದಿ ಬಂದಾಗ ತಲೆ ತಗ್ಗಿಸಿ ಕೇಳಿದ. "ಮಗೂಗೆ ಬಟ್ಟೆ ಬದಲಾಯಿಸ್ಬೇಕಿತ್ತು. ಎಲ್ಲಿ?"

"ಬಲಕ್ಕೆ ಹೋಗಿ, ನಲ್ಲಿ ಪಕ್ಕದ ಕೋಣೆ. ಮೊದಲು ಚೆನ್ನಾಗಿ ಒರೆಸಿ, ಆಮೇಲೆ ಬಟ್ಟೆ ಹಾಕಿ" ಅಂದಳು ಕೌಂಟರಮ್ಮ. "ಮುಂದಿನವರು ಬನ್ನಿ."