ಯಂತ್ರಕ್ಕೂ ಒಂದು ದಿನ ಬಿಡುವು

ಹೊಸ ಯಂತ್ರ ಯಾವುದನ್ನೇ ಕಂಡರೂ ಸಣ್ಣೇಗೌಡರು ಮೊದಲು ಅದರ ಮೈಮೇಲೆ ಅಂಗೈ ಇಡುತ್ತಿದ್ದರು, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. "ಬೆಚ್ಗೈತೆ ಕಣವ್ವ, ಜೀವ ಐತೆ," ಎಂದರೆ ಪರೀಕ್ಷೆ ಮುಗಿಯಿತು.

ಸಾಲಗಾಮೆ ಕಡೆಯ ದೊಡ್ಡ ಕುಳ. ಆಲೂಗಡ್ಡೆ ವ್ಯಾಪಾರದಲ್ಲಿ ಚೆನ್ನಾಗಿ ಗಳಿಸಿದವರು. ನಾನು ಹೊಳೆನರಸೀಪುರದ ಅರ್ಚಕರ ಮಗಳು, ಹಾಸನದಲ್ಲಿ ಡಿಪ್ಲೊಮಾ ಓದುವವರಿಗೆ ಪಾಠ ಹೇಳುವವಳು. ಬಿಸಿಲಿನಿಂದಲೇ ನಡೆಯುವ ತಂಪುಕೋಣೆಯ ನಕ್ಷೆ ಹಿಡಿದು, ಬ್ಯಾಂಕುಗಳ ಮೆಟ್ಟಿಲು ಸವೆಸಿ, ಕೊನೆಗೆ ಅವರ ಜಗುಲಿಗೆ ಹೋದೆ. ಅರ್ಧ ಗಂಟೆ ವಿವರಿಸಿದೆ.

"ನಂಗೇನೂ ಅರ್ತ ಆಗ್ನಿಲ್ಲ. ನಿಂಗೆ ಆಗೈತಲ್ಲ, ಸಾಕು. ಕಟ್ಟು, ದುಡ್ಡು ನಾನಾಕ್ತೀನಿ," ಎಂದರು.

"ಮುಳುಗಿಹೋದರೆ ಗೌಡ್ರೇ?"

"ಬಿತ್ತೋನು ಮಳೆ ಕೈಲಿ ಪತ್ರ ಬರಿಸ್ಕಂತಾನಾ?"

ಅವರ ಹೊಲದಲ್ಲೇ ಕೋಣೆ ಎದ್ದಿತು. ಹಿಂಗಾರಿಗೆ ಬಿತ್ತುವ ಆಲೂಗಡ್ಡೆಯನ್ನು ಅದರಲ್ಲಿ ತುಂಬಿಸಿದರು. ದಸರಾ ಮುಗಿದು ಎರಡು ವಾರಕ್ಕೆ ಅರಕಲಗೂಡು, ಚನ್ನರಾಯಪಟ್ಟಣದ ತಮ್ಮ ಸಿರಿವಂತ ಸ್ನೇಹಿತರನ್ನು ಕರೆಸಿ, ಅವರಿಂದಲೂ ದುಡ್ಡು ಹಾಕಿಸುವುದು ಗೌಡರ ಹಂಚಿಕೆ. ಅವರು ಒಲ್ಲೆ ಎಂದರೆ ನನ್ನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಎಲ್ಲರೂ ಬಂದರು. ಬಾಗಿಲು ತೆಗೆದರೆ ಗಬ್ಬುನಾತ; ಆಲೂಗಡ್ಡೆ ಕೊಳೆತು ನೀರಾಗಿತ್ತು. "ಬಿಸ್ಲು ನಂಬ್ದೋರ್ ಕತೆ ಇಷ್ಟೇಯ," ಎಂದರೊಬ್ಬರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಗೌಡರು ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದರು. "ಮಿಷಿನ್ದಲ್ಲ, ತಪ್ಪು ನಂದು. ಆಯುಧಪೂಜೆ ದಿಸ ನೇಗ್ಲು ಮಚ್ಚಿಗೆಲ್ಲ ಬಿಡುವು ಕೊಡಾಕಿಲ್ವಾ? ಇದ್ಕೂ ಇರ್ಲಿ ಅಂತ ಆಫ್ ಮಾಡಿ, ಹೂ ಆಕ್ದೆ. ತಿರ್ಗಾ ಆನ್ ಮಾಡೋದ್ ಮರ್ತ್ಬುಟ್ಟೆ ಕಣ್ರಪ್ಪಾ."

ಯಾರ ಮುಂದೆಯೂ ಟವೆಲ್ಲು ಇಳಿಸದ ಆಸಾಮಿ. ಬಾಯಿ ಮುಚ್ಚಿಕೊಂಡಿದ್ದರೆ ಕೆಟ್ಟ ಹೆಸರು ನನಗೆ ಬರುತ್ತಿತ್ತು, ಅವರ ಮರ್ಯಾದೆ ಉಳಿಯುತ್ತಿತ್ತು. ಸ್ನೇಹಿತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ವರ್ಷವೇ ಅವರಲ್ಲಿ ಮೂವರು ದುಡ್ಡು ಹಾಕಿದರು.

ಈಗ ಹಣ ಹೂಡುವವರಿಗೆ ಬರವಿಲ್ಲ. ಎಲ್ಲರಿಗೂ ತಿಂಗಳಿಗೊಂದು ವರದಿ ಬೇಕು. ನನಗೆ ಗೌಡರು ಬೇಕು. ಹೋದ ವರ್ಷ ಒಂದು ಮಂಗಳವಾರ ಫೋನ್ ಮಾಡಿದ್ದರು: "ಅವ್ವಾ, ಒಂದ್ಸಲ ಬಂದೋಗು."

"ಏನಾದರೂ ಕೆಟ್ಟಿದೆಯಾ ಗೌಡ್ರೇ?"

"ಏನೂ ಕೆಟ್ಟಿಲ್ಲ. ಸುಮ್ಕೆ ಬಾ. ನಿನ್ನ ನೋಡಂಗಾಗೈತೆ."

ಆ ವಾರ ಬೆಂಗಳೂರಿನಿಂದ ದೊಡ್ಡ ಹೂಡಿಕೆದಾರರು ಬರುವವರಿದ್ದರು. ಭಾನುವಾರ ಬರುತ್ತೇನೆ ಎಂದೆ. ಶುಕ್ರವಾರವೇ ಹೋಗಬೇಕಾಯಿತು. ಅಂಗಳದಲ್ಲಿ ಶಾಮಿಯಾನ ಹಾಕಿ ಗೌಡರನ್ನು ಮಲಗಿಸಿದ್ದರು.