ಞ ಬರೆಸಿದ ಅಕ್ಕೋರು

ಅವರ ಬಲಗೈಯ ಹೆಬ್ಬೆರಳು ಗೆಣ್ಣಿನಿಂದ ಹಿಂದಕ್ಕೆ ಬಾಗಿತ್ತು. ಇಪ್ಪತ್ತೈದು ಮೂವತ್ತು ವರ್ಷ ಬೇರೆಯವರ ಕೈಕಾಲು ಒತ್ತಿ ಒತ್ತಿ ಹಾಗಾಗಿತ್ತಂತೆ. ಉಗುರನ್ನು ಮಾಂಸದ ಅಂಚಿನವರೆಗೂ ಕತ್ತರಿಸಿರುತ್ತಿದ್ದರು. ಆ ಹೆಬ್ಬೆರಳು ನನ್ನ ಮಣಿಕಟ್ಟಿನ ಮೇಲೆ ಬಂದು ಕೂತಿತೆಂದರೆ ಮುಂದಿನ ಅರ್ಧ ಗಂಟೆ ವಾಸ್ಕೋ ಎಲ್ಲಿದೆ, ವಿಜಯಪುರ ಎಲ್ಲಿದೆ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಮೇಡಮ್ ಎನ್ನುತ್ತಿದ್ದರು. ನಾನು ಅಕ್ಕೋರು ಎಂದೆ. ನಮ್ಮ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಣ್ಣುಮಕ್ಕಳನ್ನು ಕರೆಯುವುದೇ ಹಾಗೆ. ಮೊದಲ ದಿನ ಅವರು ನನ್ನನ್ನು ನೋಡಿದ ರೀತಿ, ಪಾಟಿ ಮರೆತು ಬಂದವನನ್ನು ನೋಡುವ ರೀತಿಯೇ ಆಗಿತ್ತು. ಮಾತು ತಾನಾಗಿ ಬಾಯಿಗೆ ಬಂತು. ಅದರ ಅರ್ಥ ಅವರಿಗೆ ಬಹಳ ದಿನ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಕರೆದರೆ ‘ಓ’ ಎನ್ನುತ್ತಿದ್ದರು.

ನಾನು ಅಕ್ಷರ ಬರೆಯುವ ಪೇಂಟರ್. ನಮ್ಮೂರು ವಿಜಯಪುರದಲ್ಲಿ ಅಂಗಡಿಯ ಬೋರ್ಡು, ಟ್ರ್ಯಾಕ್ಟರಿನ ಹಿಂದಿನ ಹೆಸರು, ಗೋಡೆಯ ಮೇಲಿನ ಜಾಹೀರಾತು ಬರೆದುಕೊಂಡಿದ್ದೆ. ಫ್ಲೆಕ್ಸ್ ಬಂದು ನಮ್ಮನ್ನೆಲ್ಲ ಒರೆಸಿಹಾಕಿತು. ಸೋದರಮಾವ ಗೋವಾದ ವಾಸ್ಕೋದಲ್ಲಿ, ಮಂಗೋರ್ ಹಿಲ್‌ನಲ್ಲಿ ಕೋಣೆ ಮಾಡಿಕೊಂಡಿದ್ದ. ಜೆಟ್ಟಿಯಲ್ಲಿ ಮೀನಿನ ಟ್ರಾಲರ್‌ಗಳ ಹಳೆಯ ಬಣ್ಣ ಕೆರೆದು ಹೊಸದು ಬಳಿಯುವ ಕೆಲಸ ಅವನದು. ಸಂಕ್ರಾಂತಿ ಮುಗಿಸಿ ಅವನ ಹತ್ತಿರ ಬಂದೆ. ಮೂರು ತಿಂಗಳು ನಾನೂ ಬಣ್ಣ ಕೆರೆದೆ. ಒಮ್ಮೆ ಊಟದ ಬಿಡುವಿನಲ್ಲಿ ಕೈ ತುರಿಸಿ, ಒಡೆದ ಹಲಗೆಯೊಂದರ ಮೇಲೆ ನಾಲ್ಕು ಅಕ್ಷರ ಬರೆದೆ. ಟ್ರಾಲರ್ ಮಾಲೀಕನೊಬ್ಬ ಅದನ್ನು ನೋಡಿ, ಈ ಸಲ ತನ್ನ ದೋಣಿಯ ಹೆಸರನ್ನು ನಾನೇ ಬರೆಯಬೇಕೆಂದು ಮಾವನ ಹತ್ತಿರ ಹೇಳಿದ. ಜೂನ್, ಜುಲೈ ಮೀನುಗಾರಿಕೆ ಬಂದ್ ಇರುತ್ತದೆ. ಆಗಸ್ಟಿನಲ್ಲಿ ನೀರಿಗಿಳಿಯುವ ಮುಂಚೆ ದೋಣಿಗಳಿಗೆ ಹೊಸ ಬಣ್ಣ, ಹೊಸ ಹೆಸರು. ಆ ರಾತ್ರಿ ನಾನು ನಿದ್ದೆಯಲ್ಲೂ ಬೆರಳಾಡಿಸುತ್ತಿದ್ದೆನಂತೆ.

ಅದಾದ ಹತ್ತೇ ದಿನಕ್ಕೆ ಬಿದ್ದೆ. ಮಾವನ ಸೈಕಲ್ಲಿನ ಹ್ಯಾಂಡಲ್‌ಗೆ ಕೆಂಪು ಬಣ್ಣದ ಡಬ್ಬಿ ತೂಗುಹಾಕಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದೆ. ಡಬ್ಬಿ ಓಲಾಡಿ ಮುಂದಿನ ಗಾಲಿಗೆ ಸಿಕ್ಕಿತು. ಬಲಗೈ ಊರಿ ಬಿದ್ದೆ. ರಸ್ತೆಯ ತುಂಬ ಕೆಂಪು ಹರಿದದ್ದು ಕಂಡು ಜನ ‘ಸತ್ತೇ ಹೋದ’ ಎಂದು ಓಡಿಬಂದರು. ಅದು ಬಣ್ಣ ಎಂದು ತಿಳಿದ ಮೇಲೆ ಅರ್ಧ ಜನ ಬೇಸರದಿಂದ ಹಿಂತಿರುಗಿದರು. ಉಳಿದವರು ಪುಣ್ಯವಂತರು, ರಿಕ್ಷಾದಲ್ಲಿ ಕೂರಿಸಿ ಆಸ್ಪತ್ರೆ ಮುಟ್ಟಿಸಿದರು.

ಮಣಿಕಟ್ಟಿನ ಎಲುಬು ಮುರಿದಿತ್ತು. ಆರು ವಾರ ಪ್ಲಾಸ್ಟರ್. ಬಿಚ್ಚಿದಾಗ ಅದು ನನ್ನ ಕೈ ಅನ್ನಿಸಲಿಲ್ಲ. ಸೊರಗಿ, ಬಿಳಿಚಿಕೊಂಡು, ಹೊಟ್ಟು ಉದುರಿಸುತ್ತಿತ್ತು. ಎಲುಬು ಕೂಡಿತ್ತು, ಆದರೆ ಅಂಗೈ ಮೇಲ್ಮುಖವಾಗಿ ತಿರುಗುತ್ತಿರಲಿಲ್ಲ. ಗುಡಿಯಲ್ಲಿ ತೀರ್ಥಕ್ಕೆ ಕೈ ಒಡ್ಡಿದರೆ ನೀರು ಪಕ್ಕದಿಂದ ಹರಿದು ನೆಲಕ್ಕೆ ಹೋಗುತ್ತಿತ್ತು. ಕುಂಚ ಹಿಡಿದರೆ ನೇರ ಗೆರೆ ಬರುತ್ತಿತ್ತು, ತಿರುವು ಬಂದಲ್ಲಿ ಕೈ ನಿಂತುಬಿಡುತ್ತಿತ್ತು. ತಿರುವಿಲ್ಲದೆ ಯಾವ ಅಕ್ಷರ ಬರೆಯಲಿ? ಮಾಲೀಕ ಬಂದು ನೋಡಿದ. ಜುಲೈ ಕೊನೆಯ ವಾರದ ತನಕ ಕಾಯುತ್ತೇನೆ, ಆಮೇಲೆ ಸ್ಟಿಕ್ಕರ್ ಅಂಟಿಸುತ್ತೇನೆ ಎಂದ. ಕೆಟ್ಟವನಲ್ಲ ಅವನು. ಆದರೆ ಒಮ್ಮೆ ಸ್ಟಿಕ್ಕರ್ ಅಂಟಿಸಿದವರು ಮತ್ತೆ ಕುಂಚದ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ. ಉಳಿದ ಆಯುಷ್ಯವೆಲ್ಲ ಬಣ್ಣ ಕೆರೆಯುವುದರಲ್ಲೇ ಹೋಗುತ್ತದೆ ಎಂದು ನನಗೆ ಖಾತ್ರಿಯಾಯಿತು.

ಹೀಗಿದ್ದಾಗ ನನ್ನನ್ನು ಅಕ್ಕೋರ ಕೋಣೆಗೆ ಕಳಿಸಿದರು. ಉದ್ದನೆಯ ವರಾಂಡದ ಕೊನೆಯಲ್ಲಿ ಆ ಫಿಸಿಯೋಥೆರಪಿ ಕೋಣೆ. ಫೋಂಡಾದ ಆಚೆಯ ಹಳ್ಳಿಯಿಂದ ಅವರು ದಿನವೂ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಹೆಗಲಿಗೆ ಒಂದು ಬಟ್ಟೆಯ ಚೀಲ. ಅದರಲ್ಲಿ ಒಣಹಾಕಿದ ಬಟ್ಟೆಗೆ ಸಿಕ್ಕಿಸುವ ಚಿಮಟಿಗೆ, ಹಳೆಯ ಬೀಗ ಮತ್ತು ಕೀಲಿಕೈ, ಟವೆಲ್ಲು, ಡಬ್ಬಿಯಲ್ಲಿ ನಾದಿದ ಹಿಟ್ಟು. ಇವೇ ಅವರ ಉಪಕರಣ. ಕೀಲಿ ತಿರುಗಿಸು, ಟವೆಲ್ ಹಿಂಡು, ಹಿಟ್ಟು ಹಿಸುಕು. ದೊಡ್ಡ ಮಶಿನ್ನು ಒಂದಿತ್ತು, ಅದರ ಮೇಲೆ ಟವೆಲ್ ಒಣಹಾಕುತ್ತಿದ್ದರು.

ಮನೆಯಲ್ಲಿ ವ್ಯಾಯಾಮ ಮಾಡಿದ್ದೀಯೋ ಇಲ್ಲವೋ ಎಂದು ಅವರು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಮಣಿಕಟ್ಟು ಮುಟ್ಟಿದರೆ ಸಾಕು, ತಿಳಿಯುತ್ತಿತ್ತು. ಬಂದರಿನಲ್ಲಿ ಕ್ರೇನ್ ನಡೆಸುವ ಆರಡಿ ಆಳೊಬ್ಬ ಸುಳ್ಳು ಹೇಳಿ ಸಿಕ್ಕಿಬಿದ್ದು, ಹೊರಗೆ ಬೆಂಚಿನ ಮೇಲೆ ಹಿಟ್ಟು ಹಿಸುಕುತ್ತ ಕೂತದ್ದನ್ನು ನಾನೇ ನೋಡಿದ್ದೇನೆ. ಒತ್ತುವಾಗ ಇಗರ್ಜಿಯ ಹಾಡೊಂದನ್ನು ಗುನುಗುತ್ತಿದ್ದರು, ಶ್ರುತಿಗೂ ಅದಕ್ಕೂ ಸಂಬಂಧವಿರಲಿಲ್ಲ. ಹಾಡು ಏರಿತೆಂದರೆ ಒತ್ತು ಏರಲಿದೆ ಎಂದು ನಾವು ಹಲ್ಲು ಕಚ್ಚಿ ತಯಾರಾಗುತ್ತಿದ್ದೆವು.

ನನಗಾಗ ಕೊಂಕಣಿ ಬಾರದು. ಹಿಂದಿ ಎಂದರೆ ಸಿನಿಮಾದಲ್ಲಿ ಕೇಳಿದಷ್ಟೇ. ಅವರು ‘ಸವ್ಕಾಸ್, ಸವ್ಕಾಸ್’ ಎಂದಾಗ ಮಾತ್ರ ಜೀವಕ್ಕೆ ಸಮಾಧಾನವಾಗುತ್ತಿತ್ತು. ನಮ್ಮ ಸಾವಕಾಶವೇ ಅದು. ಆದರೆ ಮೊದಲ ದಿನವೇ ಅಂಗೈಯನ್ನು ತಿರುಗಿಸುತ್ತ, ನನ್ನನ್ನು ನೋಡಿ ‘ದುಖ್ತಾ?’ ಎಂದರು.

ಇವರಿಗೆ ಹೇಗೆ ಗೊತ್ತಾಯಿತು? ನನ್ನ ದುಃಖವನ್ನು ಮಾವನಿಗೂ ಹೇಳಿರಲಿಲ್ಲ. ಪರಿಚಯವಿಲ್ಲದ ಹೆಣ್ಣುಮಗಳ ಮುಂದೆ ಗಂಡಸು ದುಃಖ ಇದೆ ಎನ್ನುವುದುಂಟೆ? ತಲೆಯಾಡಿಸಿ, ‘ಇಲ್ರಿ’ ಎಂದೆ. ಅವರು ಇನ್ನಷ್ಟು ತಿರುಗಿಸಿದರು. ‘ದುಖ್ತಾ?’ ‘ಇಲ್ರಿ ಅಕ್ಕೋರ.’ ಇನ್ನಷ್ಟು. ಕಣ್ಣಲ್ಲಿ ನೀರು ಬಂದರೆ ಗೋಡೆಯ ಕಡೆ ಮುಖ ಮಾಡುತ್ತಿದ್ದೆ. ಹೀಗೆ ಎಂಟು ದಿನ. ಇಷ್ಟು ಗಟ್ಟಿ ಆಳನ್ನು ಕಂಡೇ ಇಲ್ಲ ಎಂದು ಅವರು ಬೇರೆ ರೋಗಿಗಳ ಮುಂದೆ ನನ್ನನ್ನು ಹೊಗಳಿದರಂತೆ.

ಒಂಬತ್ತನೆಯ ದಿನ ಜೆಟ್ಟಿಗೆ ಹೋಗಿದ್ದೆ. ಆ ಟ್ರಾಲರ್‌ಗೆ ನೀಲಿ ಬಣ್ಣ ಬಳಿದಾಗಿತ್ತು. ಮೂತಿಯ ಹತ್ತಿರ ಹೆಸರಿನ ಜಾಗ ಖಾಲಿ ಇತ್ತು. ಅದನ್ನು ನೋಡಿಕೊಂಡು ಸೀದಾ ಆಸ್ಪತ್ರೆಗೆ ಬಂದು ಕೂತೆ. ಅಕ್ಕೋರು ಕೈ ಹಿಡಿದು ಮೆಲ್ಲಗೆ ‘ದುಖ್ತಾ?’ ಎಂದರು. ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

‘ಐತ್ರಿ ಅಕ್ಕೋರ, ದುಃಖ ಐತಿ. ಭಾಳ ಐತಿ. ದಿನಾ ಕೇಳ್ತೀರಿ, ಎಷ್ಟಂತ ಮುಚ್ಚಿಡ್ಲಿ? ಅಕ್ಷರಾ ಬರ್ಕೊಂಡು ಬದುಕಿದಾವ ನಾ. ಈಗ ಒಂದು ಸೊನ್ನಿ ಬರ್ಯಾಕ ಆಗವಲ್ದು. ಆ ದೋಣಿ ಮ್ಯಾಲ ಹೆಸರು ಬರೀಲಿಲ್ಲಂದ್ರ ನಾ ಯಾತಕ್ಕ ಬಂದ್ನಿ ಇಲ್ಲಿ, ಹೇಳ್ರಿ.’

ಇನ್ನೂ ಏನೇನೋ ಹೇಳಿದೆ. ಅವರಿಗೆ ಒಂದು ಶಬ್ದವೂ ತಿಳಿದಿರಲಾರದು. ಆದರೂ ನಡುವೆ ತಡೆಯಲಿಲ್ಲ, ಕೈ ಬಿಡಲಿಲ್ಲ. ಹಾಡು ನಿಲ್ಲಿಸಿ ಪೂರ್ತಿ ಕೇಳಿದರು. ನಾನು ಮೂಗು ಒರೆಸಿಕೊಳ್ಳುವಾಗ ವರಾಂಡ ಗುಡಿಸುತ್ತಿದ್ದ ಆಯಾಳನ್ನು ಕರೆದರು. ಆಕೆ ಗದಗ ಕಡೆಯವಳು.

‘ಏ ತಮ್ಮಾ, ಯಾಕ ಅಳಾಕತ್ತಿ?’ ಎಂದಳು ಆಯಾ. ‘ಅವ್ರು ಕೈ ನೋಯ್ತೈತೇನು ಅಂತ ಕೇಳಾಕತ್ತಾರ. ನೀ ಮನಿ ಕಥಿ ಹೇಳಾಕತ್ತೀಯಲ್ಲೋ. ದುಖ್ತಾ ಅಂದ್ರ ಕೊಂಕಣಿಯಾಗ ನೋವು.’

ಆಯಾ ಇಬ್ಬರ ಮಾತನ್ನೂ ಅತ್ತಿತ್ತ ದಾಟಿಸಿದಳು. ಎಂಟು ದಿನ ನಾನು ಯಾಕೆ ‘ಇಲ್ಲ’ ಎಂದೆ ಎಂಬುದು ತಿಳಿದಾಗ ಅಕ್ಕೋರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಕನ್ನಡಕ ತೆಗೆದು ಸ್ಟೂಲಿನ ಮೇಲೆ ಕುಳಿತರು. ನನ್ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಇಟ್ಟುಕೊಂಡು ಏನೋ ಹೇಳಿದರು.

‘ನಿನ್ನ ಮಾರಿ ನೋಡ್ಬೇಕಿತ್ತಂತ’ ಎಂದಳು ಆಯಾ. ‘ಮಾರಿ ಬಿಟ್ಟು ಬಾಯಿ ಮಾತು ನಂಬಿದ್ರಂತ. ತಪ್ಪು ತಮ್ಮದಂತ. ಮಾಫ್ ಮಾಡು ಅನ್ನಾಕತ್ತಾರ.’

‘ಛೆ, ಹಂಗ್ಯಾಕ ಅಂತೀರಿ ಅಕ್ಕೋರ’ ಎಂದು ನಾನು ಎದ್ದೇ ನಿಂತೆ. ಓದಿದವರು, ದೊಡ್ಡ ಹುದ್ದೆಯವರು, ಬಣ್ಣ ಕೆರೆಯುವವನ ಮುಂದೆ ತಪ್ಪು ನನ್ನದು ಎಂದದ್ದನ್ನು ಅದಕ್ಕಿಂತ ಮೊದಲು ನಾನು ಕೇಳಿರಲಿಲ್ಲ. ಆಮೇಲೂ ಹೆಚ್ಚು ಕೇಳಿಲ್ಲ. ಎಲ್ಲ ಮುಗಿದ ಮೇಲೆ ಅವರಿಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಹೊರಗೆ ಬೆಂಚಿನ ಮೇಲಿದ್ದವರು ಇಣುಕಿ ನೋಡಿದರು.

ಅಂದಿನಿಂದ ಅವರು ನನ್ನ ಮುಖ ನೋಡಿಯೇ ಕೈ ತಿರುಗಿಸುತ್ತಿದ್ದರು. ‘ದುಖ್ತಾ’ ಹೋಗಿ ‘ತ್ರಾಸ?’ ಬಂತು; ಅದು ಅವರದೂ ಹೌದು, ನಮ್ಮದೂ ಹೌದು. ಮರುದಿನ ನನ್ನ ಕುಂಚವನ್ನು ತರಿಸಿದರು. ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ, ಡಬ್ಬಿಯಲ್ಲಿ ನೀರಿಟ್ಟು, ಬರೆ ಎಂದರು. ನೀರಿನಿಂದ ನಾನು ಅ ಬರೆಯಲು ಹೋದೆ, ಕೈ ಅರ್ಧಕ್ಕೇ ನಿಂತಿತು. ಅವರು ಹಾಳೆಯ ಹತ್ತಿರ ಮುಖ ತಂದು, ನನ್ನ ಅಕ್ಷರಗಳು ಎಲ್ಲೆಲ್ಲಿ ತಿರುಗುತ್ತವೆ ಎಂದು ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಿದರು. ಆಮೇಲೆ ಸರದಿ ಕಟ್ಟಿದರು: ಮೊದಲ ವಾರ ಬರೀ ಗ. ಅದು ಸರಾಗವಾದ ಮೇಲೆ ರ. ಆಮೇಲೆ ಠ. ಓದಲು ಬಾರದ ಭಾಷೆಯ ಅಕ್ಷರಗಳನ್ನು ಅವರು ಸುಲಭದಿಂದ ಕಷ್ಟಕ್ಕೆ ಜೋಡಿಸಿದ ಕ್ರಮ ನನ್ನ ಒಂದನೇ ಇಯತ್ತೆಯ ಮಾಸ್ತರಿಗೂ ಹೊಳೆದಿರಲಿಲ್ಲ.

ಎಲ್ಲಕ್ಕಿಂತ ಅವರಿಗೆ ಹಿಡಿಸಿದ್ದು ಞ. ‘ಇದರಲ್ಲಿ ಬಹಳ ವ್ಯಾಯಾಮ ಇದೆ’ ಎಂದು ಕಣ್ಣರಳಿಸಿದರು. ಇದನ್ನು ನಾವು ಹೆಚ್ಚಾಗಿ ಬರೆಯುವುದೇ ಇಲ್ಲ ಎಂದು ಆಯಾಳ ಕೈಲಿ ಹೇಳಿಸಿದೆ. ಒಪ್ಪಲಿಲ್ಲ. ಇಷ್ಟು ಚೆಂದದ್ದನ್ನು ಮಾಡಿಟ್ಟುಕೊಂಡು ಸುಮ್ಮನೆ ಬಿಟ್ಟಿದ್ದೀರಾ ಎಂದು ನನ್ನನ್ನೇ ಗದರಿದರು. ಮುಂದೆ ಮಣಿಕಟ್ಟು ಬಿಗಿದುಕೊಂಡು ಬಂದವರಿಗೆಲ್ಲ, ಅವರು ಕೊಂಕಣಿಯವರಿರಲಿ ತೆಲುಗಿನವರಿರಲಿ, ಞ ಬರೆಸತೊಡಗಿದರು. ಕಲಂಗುಟ್‌ನ ಹೋಟೆಲಿನ ಅಡಿಗೆಯವನೊಬ್ಬ, ಅದು ಯಾವ ದೇವರ ಚಿತ್ರ ಎಂದು ನನ್ನನ್ನು ಕೇಳಿದ.

ಜುಲೈ ಮೂರನೆಯ ವಾರದಲ್ಲಿ ಕೈ ಎಲ್ಲ ಕಡೆ ತಿರುಗುತ್ತಿತ್ತು, ಕೊನೆಯ ಒಂದು ಚೂರು ಬಿಟ್ಟು. ನಾನು ಹಟ ಹಿಡಿದು ದಿನಕ್ಕೆ ನಾಲ್ಕು ಸಲ ಹಿಟ್ಟು ಹಿಸುಕಿದೆ. ಅಕ್ಕೋರು ಒಂದು ಬೆಳಿಗ್ಗೆ ತಿರುಗಿಸಿ ನೋಡಿ, ಮತ್ತೆ ನೋಡಿ, ಅಷ್ಟರಲ್ಲಿ ಕಲಿತಿದ್ದ ಕನ್ನಡದಲ್ಲಿ ತಾವೇ ಹೇಳಿದರು:

‘ಇಷ್ಟಽ. ಇನ್ನು ಬರೂದಿಲ್ಲ.’

ಬೇರೆಯವರಾಗಿದ್ದರೆ ಬರುತ್ತದೆ, ಬರುತ್ತದೆ ಎಂದು ಕಳಿಸಿಬಿಡುತ್ತಿದ್ದರು. ನನಗೆ ಸಿಟ್ಟು ಬಂತು. ‘ಅರ್ಧಾ ಕೈ ತಗೊಂಡು ಏನ್ ಮಾಡ್ಲಿರಿ?’ ಎಂದೆ. ಅವರು ನನ್ನ ಎರಡೂ ಭುಜ ಹಿಡಿದು, ಮೈಯನ್ನೇ ಒಂದು ಗೇಣು ಎಡಕ್ಕೆ ಸರಿಸಿ ನಿಲ್ಲಿಸಿದರು. ‘ಕೈ ನಿಂತ್ರ ನೀ ನಡಿ’ ಎಂದರು. ಹಾಗೆ ನಿಂತು ಬರೆದಾಗ ತಿರುವು ಪೂರ್ತಿಯಾಯಿತು. ಅಕ್ಷರ ಮಾತ್ರ ಸ್ವಲ್ಪ ಬಲಕ್ಕೆ ವಾಲಿತು. ಜೆಟ್ಟಿಯಲ್ಲಿ ಈಗ ಆ ವಾಲು ನೋಡಿಯೇ ಜನ ಇದು ನನ್ನ ಕೈಬರಹ ಎನ್ನುತ್ತಾರೆ, ಬೇಕೆಂದೇ ಹಾಗೆ ಬರೆಯುತ್ತೇನೆ ಎಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಆ ಟ್ರಾಲರ್‌ನ ಹೆಸರನ್ನು ಒಂದು ಭಾನುವಾರ ಬರೆದೆ. ಮಳೆ ಬಿಡುವು ಕೊಟ್ಟಿತ್ತು. ಮೂರನೆಯ ಅಕ್ಷರದಲ್ಲಿರುವಾಗ ಕೆಳಗೆ ಕಪ್ಪು ಕೊಡೆಯೊಂದು ಬಂದು ನಿಂತಿತು. ರಜೆಯ ದಿನ ಎರಡು ಬಸ್ಸು ಬದಲಿಸಿ ಅಕ್ಕೋರು ಬಂದಿದ್ದರು. ಒಂದು ತಾಸು ನಿಂತರು. ಮಾಲೀಕ ಕುರ್ಚಿ ತರಿಸಿದ, ಕೂರಲಿಲ್ಲ. ನಾನು ಇಳಿದು ಬಂದು, ‘ಹ್ಯಾಂಗ ಬಂದೈತ್ರಿ ಅಕ್ಕೋರ?’ ಎಂದು ಕೇಳಿದೆ. ಅವರು ಹೆಸರಿನ ಕಡೆ ನೋಡಲೇ ಇಲ್ಲ. ನನ್ನ ಮಣಿಕಟ್ಟು ಹಿಡಿದು ಬಾವು ಬಂದಿದೆಯೇ ಎಂದು ಒತ್ತಿ ನೋಡಿ, ಬಿಸಿನೀರಿನಲ್ಲಿ ಇಡು ಎಂದು ಹೇಳಿ ಹೋದರು. ನನಗೆ ಸ್ವಲ್ಪ ಬೇಜಾರೇ ಆಯಿತು. ಎಲ್ಲರೂ ಹೊಗಳುತ್ತಿದ್ದಾಗ ಅವರೊಬ್ಬರ ಬಾಯಿಂದ ಒಂದು ಮಾತು ಬರಬಾರದಿತ್ತೇ?

ಆ ವರ್ಷ ಒಂದು ದೋಣಿ, ಮರುವರ್ಷ ಆರು. ಈಗ ಮಳೆಗಾಲದಲ್ಲಿ ನನಗೆ ಉಸಿರಾಡಲು ಪುರಸೊತ್ತಿಲ್ಲ. ಕೊಂಕಣಿ ಬಂತು, ಮದುವೆಯಾಯಿತು, ಮಂಗೋರ್ ಹಿಲ್‌ನಲ್ಲೇ ಮನೆಯಾಯಿತು. ಅಕ್ಕೋರು ನಿವೃತ್ತರಾಗುವ ತನಕ ದಸರೆಗೆ ಬನ್ನಿ ಕೊಟ್ಟು ಕಾಲು ಮುಟ್ಟಿ ಬರುತ್ತಿದ್ದೆ. ಆಮೇಲೆ ಫೋನಿನಲ್ಲೇ ಮಾತು. ಹೋಗಿ ಬರಬೇಕು, ಹೋಗಿ ಬರಬೇಕು ಎನ್ನುತ್ತಲೇ ನಾಲ್ಕು ವರ್ಷ ಕಳೆದೆ. ಎರಡು ಬಸ್ಸಿನ ದಾರಿ. ಅವರು ನನಗಾಗಿ ಭಾನುವಾರ ಬಂದ ದಾರಿ. ನಾನು ಹೋಗಲಿಲ್ಲ. ಇದಕ್ಕೆ ನನ್ನ ಹತ್ತಿರ ನೆಪವಿಲ್ಲ.

ಹೋದ ವರ್ಷ ಆಯಾ ಫೋನ್ ಮಾಡಿದಳು. ‘ತಮ್ಮಾ, ಅಕ್ಕೋರು ಹೋಗಿಬಿಟ್ರೋ’ ಎಂದಳು.

ಅವರ ಹಳ್ಳಿಗೆ ಹೋದಾಗ ಇಗರ್ಜಿಯ ಹಿಂದೆ ಅವರನ್ನು ಹೂತಿದ್ದ ಮಣ್ಣು ಇನ್ನೂ ಹಸಿಯಾಗಿತ್ತು. ಅವರ ತಮ್ಮ ನನ್ನನ್ನು ಮಾತಿನಿಂದ ಗುರುತು ಹಿಡಿದರು. ದೋಣಿಗೆ ಹೆಸರು ಬರೆಯುವವನು ನೀನೇ ಏನು, ಅಕ್ಕ ವಾಸ್ಕೋಗೆ ಬಂದಾಗಲೆಲ್ಲ ಜೆಟ್ಟಿಗೆ ಹೋಗಿ ನಿನ್ನ ಅಕ್ಷರ ನೋಡಿಕೊಂಡು ಬರುತ್ತಿದ್ದಳು ಎಂದರು. ನನಗೆ ಇದು ಗೊತ್ತೇ ಇರಲಿಲ್ಲ. ಕಪ್ಪು ಬಣ್ಣ ಬಳಿದ ಮರದ ಶಿಲುಬೆಯೊಂದನ್ನು ತಂದು ಕಲ್ಲಿಗೆ ಆನಿಸಿ ನಿಲ್ಲಿಸಿದರು. ಚೀಟಿಯೊಂದರಲ್ಲಿ ಅಕ್ಕೋರ ಹೆಸರು ಬರೆದು ಕೊಟ್ಟರು. ಅವರ ಪೂರ್ತಿ ಹೆಸರು ನಾನು ನೋಡಿದ್ದು ಆಗಲೇ.

ಒಟ್ಟು ಹದಿನಾಲ್ಕು ಅಕ್ಷರ. ಜೆಟ್ಟಿಯಲ್ಲಾದರೆ ಒಂದು ತಾಸಿನ ಕೆಲಸ. ಅಂದು ಬೆಳಿಗ್ಗೆ ಕೂತವನು ಮಧ್ಯಾಹ್ನಕ್ಕೆ ಎದ್ದೆ. ಬರೆಯುವಷ್ಟು ಹೊತ್ತೂ ಕೈ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಕುಂಚ ತೊಳೆಯಲು ನಲ್ಲಿಯ ಹತ್ತಿರ ಹೋದೆ. ಎಡಗೈಯ ಹೆಬ್ಬೆರಳಿನಿಂದ ಮಣಿಕಟ್ಟನ್ನು ಅವರು ಒತ್ತುತ್ತಿದ್ದಲ್ಲೇ ಒತ್ತಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ.