ಆ ತೊಂಬತ್ತೊಂದು ಅಂಕ ನಿಮ್ಮದಲ್ಲ, ಆಂಟಿ

ಇಂದ್ರಮ್ಮ ಆಂಟಿ, ನೆನಪಿನ ಪರೀಕ್ಷೆಯಲ್ಲಿ ನಿಮಗೆ ಬಂದ ಆ ತೊಂಬತ್ತೊಂದು ಅಂಕ ನಿಮ್ಮದಲ್ಲ, ನನ್ನದು. ಇಷ್ಟನ್ನು ಮೇ ತಿಂಗಳಲ್ಲೇ ನಿಮ್ಮ ಮುಂದೆ ಒಪ್ಪಿಕೊಂಡಿದ್ದೇನೆ. ನೀವು ಬೈದಿರಿ, ನಕ್ಕಿರಿ, ಕ್ಷಮಿಸಿಯೂ ಬಿಟ್ಟಿರಿ. ಆದರೆ ಮೂವತ್ತೆಂಟು ದಿನ ಯಾಕೆ ಮುಚ್ಚಿಟ್ಟೆ ಎಂದು ಕೇಳಿದಾಗ "ಅಂಜಿಕಿ ಆತ್ರಿ" ಎಂದೆನಲ್ಲ — ಅದು ಸುಳ್ಳು. ಅರ್ಧ ಸುಳ್ಳು. ಇಲ್ಲ, ಲೆಕ್ಕ ಹಾಕಿದರೆ ಮುಕ್ಕಾಲಿಗೂ ಹೆಚ್ಚು.

ನೆನಪಿಲ್ಲ ಎಂದು ಜಾರಿಕೊಳ್ಳುವ ಹಾಗೂ ಇಲ್ಲ. ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡುವುದು ನನ್ನ ಚಟ. "ನಮ್ಮ ಮೇಲಿನ ಮನೆ ಹುಡುಗಿ ನಲ್ಲೀಲಿ ನೀರು ಎಷ್ಟೊತ್ತಿಗೆ ಬಂತು ಅಂತಾನೂ ಬರ್ಕೋತಾಳೆ ಕಣ್ರೀ" ಎಂದು ನೀವೇ ಬೀದಿಗೆಲ್ಲ ಹೇಳಿ ನಗುತ್ತಿದ್ದಿರಿ. ಹಾವೇರಿಯಿಂದ ಬಂದು ವಿಜಯನಗರದ ನಿಮ್ಮ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದ ಮೇಲೆ ಮೂರು ಡೈರಿ ತುಂಬಿವೆ.

ಅಕ್ಟೋಬರ್ 12. ನಿಮ್ಮ ಎರಡೂ ಕೈ ಚಕ್ಕುಲಿ ಹಿಟ್ಟಿನಲ್ಲಿದ್ದವು. ಕ್ಲಿನಿಕ್ಕಿನವರು ಟ್ಯಾಬ್‌ಗೆ ಕಳಿಸಿದ್ದ ಪರೀಕ್ಷೆಗೆ ಅಂದೇ ಕೊನೆಯ ದಿನ. ನಿಮ್ಮ ಮಗ ಮಂಜಣ್ಣ ಅಂಗಡಿಯಿಂದ ಮೂರು ಸಲ ಫೋನ್ ಮಾಡಿ ನೆನಪಿಸಿದ್ದರು. ನಿಮ್ಮ ಅಕ್ಕ ಸುಂಕದಕಟ್ಟೆಯಲ್ಲಿ ತಮ್ಮ ಮನೆಯ ದಾರಿಯನ್ನೇ ಮರೆತು ಇಡೀ ದಿನ ಅಲೆದ ಮೇಲೆ ಮಂಜಣ್ಣನಿಗೊಂದು ಹಟ — ಅಮ್ಮನಿಗೆ ಮರೆವು ಬರುವುದಾದರೆ ಅದು ಶುರುವಾಗುವಾಗಲೇ ಗೊತ್ತಾಗಬೇಕು.

"ಉತ್ತರ ನಾನು ಹೇಳ್ತೀನಿ, ನೀನು ಒತ್ತೇ. ಬೆರಳು ಯಾರದಾದ್ರೇನು?" ಎಂದಿರಿ.

ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ ಬರುತ್ತಿತ್ತು. ಅದನ್ನು ಆಗಲೇ ನೋಡಿದ್ದೀರಾ, ಇಲ್ಲವಾ — ಬೇಗ ಹೇಳಬೇಕು, ತಡವಾದಷ್ಟೂ ಅಂಕ ಕಡಿಮೆ. ಮೊದಲ ಎಂಟಕ್ಕೆ ನೀವು ಹೇಳಿದಿರಿ, ನಾನು ಒತ್ತಿದೆ. ಒಂಬತ್ತನೆಯದು ಕೊಡೆ. "ತಾಳು, ಆಗ ಬಂದ ಕೊಡೆ ನೀಲೀದಲ್ವೇನೇ..." ಎನ್ನುವಷ್ಟರಲ್ಲಿ ನನ್ನ ಬೆರಳು ಒತ್ತಿಬಿಟ್ಟಿತ್ತು. ಆಮೇಲೆ ನಿಮಗಾಗಿ ಕಾಯಲೇ ಇಲ್ಲ. ನನಗೆ ಆಟ ಆಗಿಬಿಟ್ಟಿತ್ತು. ಒಟ್ಟು ನಲವತ್ತು ಚಿತ್ರ. ನಿಮ್ಮವು ಎಂಟು, ನನ್ನವು ಮೂವತ್ತೆರಡು. ನೀವು ಹೇಳಿದ್ದೂ ನಾನು ಒತ್ತಿದ್ದೂ ಹೊಂದುತ್ತಿದ್ದುದರಿಂದ ನಿಮಗೆ ಅನುಮಾನವೇ ಬರಲಿಲ್ಲ — ನನ್ನ ಬೆರಳು ಮುಂದೆ, ನಿಮ್ಮ ಮಾತು ಹಿಂದೆ ಅಷ್ಟೇ.

ನೂರಕ್ಕೆ ತೊಂಬತ್ತೊಂದು ಬಂತು. ಅಂದಿನಿಂದ ಆ ಸುದ್ದಿ ಹದಿನಾಲ್ಕು ಮನೆಗೆ ಹೋಯಿತು. ಎದುರುಮನೆಯ ನಿವೃತ್ತ ಮೇಷ್ಟ್ರಿಗಂತೂ ಎರಡು ಸಲ.

ಏಪ್ರಿಲ್ 15ರಂದು ಕ್ಲಿನಿಕ್ಕಿನಲ್ಲಿ ನೀವೊಬ್ಬರೇ ಕೂತು ಮಾಡಿದಾಗ ಬಂದದ್ದು ಐವತ್ತೆಂಟು. ಆ ಯಂತ್ರ ನಿಮ್ಮನ್ನು ಊರವರ ಜೊತೆ ಹೋಲಿಸುವುದಿಲ್ಲ. ಆರು ತಿಂಗಳ ಹಿಂದಿನ ನಿಮ್ಮ ಜೊತೆಗೇ ಹೋಲಿಸುತ್ತದೆ. ಆ ಹಿಂದಿನ ಇಂದ್ರಮ್ಮ ಇಪ್ಪತ್ತಮೂರು ವರ್ಷದ ನಾನಾಗಿದ್ದೆ.

ಮರುದಿನ ಮಂಜಣ್ಣ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದರು. ನಿದ್ದೆ ಮಾಡದ ಕಣ್ಣು. "ಹೋದ್ಸಲ ಅಮ್ಮನೇ ತಾನೇಮ್ಮಾ ಎಲ್ಲಾ ಉತ್ತರ ಹೇಳಿದ್ದು?"

"ಹೂಂ ರೀ ಅಣ್ಣ" ಎಂದೆ.

ಅದು ಭಯವೇ, ಒಪ್ಪುತ್ತೇನೆ. ಆದರೆ ಅದರ ಮರುದಿನ ಬೆಳಿಗ್ಗೆ ನೀವು ಮೇಲೆ ಬಂದು ಸ್ಕೂಟರಿನ ಕೀ ನನ್ನ ಕೈಗಿಟ್ಟಿರಿ. "ನಮ್ಮ ಮಂಜ ಗಾಡಿ ಮುಟ್ಬೇಡ ಅಂದ್ಬಿಟ್ಟ ಕಣೇ. ನಿಂತಲ್ಲೇ ನಿಂತ್ರೆ ಬ್ಯಾಟರಿ ಹೋಗತ್ತೆ, ನೀನೇ ಓಡ್ಸ್ಕೋ." ಅರವತ್ತೆಂಟನೇ ವಯಸ್ಸಿನಲ್ಲಿ ಆಟೋಗಳನ್ನು ಹಿಂದೆ ಹಾಕಿ ಮಾರ್ಕೆಟ್ಟಿಗೆ ಹೋಗುತ್ತಿದ್ದವರು ನೀವು.

ಇನ್ನು ಮುಂದಿನದು ಭಯವಲ್ಲ. ರಾಜಾಜಿನಗರದ ಕನ್ನಡಕದ ಅಂಗಡಿಗೆ ಕೆಲಸಕ್ಕೆಂದು ಬಸ್ಸಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದ ನನಗೆ ಇಪ್ಪತ್ತು ನಿಮಿಷದ ದಾರಿ, ಮುಖಕ್ಕೆ ಗಾಳಿ, ಭಾನುವಾರ ಕೆಂಗೇರಿಯವರೆಗೆ ಗೆಳತಿಯ ಜೊತೆ ಸುತ್ತಾಟ. ಸುಖವಾಗಿತ್ತು, ಆಂಟಿ. ಬಾಯಿಬಿಟ್ಟರೆ ಕೀ ಹಿಂದಕ್ಕೆ ಕೊಡಬೇಕಾಗುತ್ತದೆ ಎಂದು ಮೊದಲ ವಾರವೇ ಡೈರಿಯಲ್ಲಿ ಬರೆದಿದ್ದೇನೆ — ಇದೇ ಮಾತಿನಲ್ಲಿ. ಮೀಟರ್ 21,406ರಿಂದ 22,018ಕ್ಕೆ ಹೋಯಿತು. ಆರುನೂರ ಹನ್ನೆರಡು ಕಿಲೋಮೀಟರ್ ನಾನು ಸುಮ್ಮನಿದ್ದೆ.

ಒಂದು ಸಂಜೆ ನಿಮ್ಮನ್ನು ಹಿಂದೆ ಕೂರಿಸಿಕೊಂಡು ಹೋದೆ. "ಹಂಪ್ ಇದೆ, ನಿಧಾನ! ಹಾಲಿನ ಬೂತ್ ದಾಟಿದ್ಮೇಲೆ ಹಳ್ಳ... ಎಡಕ್ಕೆ ತಗೊಳೇ, ಯಾಕೆ ಹಿಂಗೆ ಎಮ್ಮೆ ಥರ ಓಡಿಸ್ತೀಯ?" ಹನ್ನೊಂದು ಹಂಪ್, ನಾಲ್ಕು ಹಳ್ಳ, ಒಂದನ್ನೂ ತಪ್ಪದೆ ಮೊದಲೇ ಹೇಳಿದಿರಿ. ಅದನ್ನೂ ಬರೆದಿಟ್ಟೆ. ಸೋಮವಾರ ಮತ್ತೆ ಅದೇ ಗಾಡಿಯಲ್ಲಿ ಕೆಲಸಕ್ಕೆ ಹೋದೆ.

ಮೇ 24ರಂದು ನೀವು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸುತ್ತಿದ್ದಿರಿ. ಉಪ್ಪು, ಸಕ್ಕರೆ, ರವೆ. ನಲವತ್ತು ವರ್ಷ ಕಣ್ಣುಮುಚ್ಚಿ ಕೈ ಹಾಕಿದ ಡಬ್ಬಿಗಳು. ಕೈ ನಿಲ್ಲಿಸದೆ ಕೇಳಿದಿರಿ, "ನಾಳೆ ನಿನ್ ಹೆಸರು ಮರ್ತ್ರೆ ಬೇಜಾರು ಮಾಡ್ಕೋಬೇಡ, ಇನ್ನೊಂದ್ಸಲ ಹೇಳಿಕೊಡು, ಆಯ್ತಾ?"

ಆಗ ಹೇಳಿದೆ. ಒತ್ತಿದ್ದನ್ನೂ ಮಂಜಣ್ಣನಿಗೆ ಹೇಳಿದ ಸುಳ್ಳನ್ನೂ.

ನಿಮ್ಮ ಮೊದಲ ಪ್ರಶ್ನೆ ಏನಿತ್ತು ಗೊತ್ತೇ? "ಅಂದ್ರೆ ಆ ತೊಂಬತ್ತೊಂದು ನಂದಲ್ವಾ? ಅಯ್ಯೋ ಕಳ್ಳಿ, ಮೇಷ್ಟ್ರಿಗೆ ಏನಂತ ಹೇಳ್ಲೇ ಈಗ!" ಹದಿನಾಲ್ಕು ಮನೆಗೂ ನನ್ನನ್ನು ಎಳೆದುಕೊಂಡು ಹೋಗಿ ನನ್ನ ಬಾಯಿಂದಲೇ ಹೇಳಿಸಿದಿರಿ. ಒಂಬತ್ತು ಮನೆಯಲ್ಲಿ ಕಾಫಿ ಕೊಟ್ಟರು. ಮೇಷ್ಟ್ರು ಮಾತ್ರ ಮನಸಾರೆ ನಕ್ಕರು. ಮಂಜಣ್ಣ ನಗಲಿಲ್ಲ; ಇವತ್ತಿಗೂ ನನ್ನ ಜೊತೆ ಬಾಡಿಗೆಯ ಮಾತು ಬಿಟ್ಟು ಬೇರೆ ಆಡಿಲ್ಲ.

ಡಾಕ್ಟರು ಹಳೆಯ ಅಂಕ ತೆಗೆದುಹಾಕಿ, ನಿಮ್ಮನ್ನು ಎದುರು ಕೂರಿಸಿಕೊಂಡು ಮಾತಾಡಿಸಿ, ಗಾಡಿ ಓಡಿಸಬಹುದು ಎಂದರು. ಆದರೆ ಅವರು ಇನ್ನೊಂದು ಮಾತನ್ನೂ ಹೇಳಿದರು — ಐವತ್ತೆಂಟನ್ನೇ ಈಗ ಮೊದಲ ಅಳತೆ ಎಂದು ಇಟ್ಟುಕೊಳ್ಳಬೇಕು, ಅದು ಇಳಿಯುತ್ತಿದೆಯೋ ಹಾಗೇ ನಿಂತಿದೆಯೋ ಮುಂದಿನ ಪರೀಕ್ಷೆಯಾಗುವವರೆಗೆ ಗೊತ್ತಾಗುವುದಿಲ್ಲ. ಬೇಗ ತಿಳಿಯಲಿ ಎಂದೇ ಮಾಡಿದ ಪರೀಕ್ಷೆ ಅದು. ಆ ಆರು ತಿಂಗಳನ್ನು ನಾನು ತಿಂದೆ. ನಿಮಗೆ ಏನೂ ಆಗಿಲ್ಲ ಎಂದು ನನಗನಿಸುತ್ತದೆ. ಅನಿಸುವುದು ಬೇರೆ, ಗೊತ್ತಿರುವುದು ಬೇರೆ.

ಈಗ ದಿನಾ ಬೆಳಿಗ್ಗೆ ಗಾಡಿ ತೆಗೆದು "ಹತ್ಕೊಳೇ, ಮೆಟ್ರೋ ಹತ್ರ ಬಿಡ್ತೀನಿ" ಎನ್ನುತ್ತೀರಿ. ಪಾಪ, ಹುಡುಗಿ ಹೆದರಿದ್ದಳು ಎಂದುಕೊಂಡು ಕರೆಯುತ್ತೀರಿ. ಹೆದರಿದ ಹುಡುಗಿ ಎಂದೇ ಹಿಂದೆ ಕೂತುಕೊಳ್ಳುತ್ತೇನೆ — ಇಪ್ಪತ್ತೊಂದು ಸಲ ಕೂತಿದ್ದೇನೆ.

ನಾಳೆ ಬೆಳಿಗ್ಗೆ ಈ ಹಾಳೆಗಳನ್ನು ನಿಮ್ಮ ಕೈಗೆ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಗೇಟಿನ ಹತ್ತಿರ ನಿಂತಿರುತ್ತೇನೆ. ಆಮೇಲೂ ನೀವು ಹತ್ಕೋ ಎಂದರೆ — ನೀವು ಎಂದರೂ ಎನ್ನಬಹುದು, ನಿಮ್ಮನ್ನು ನಂಬುವ ಹಾಗಿಲ್ಲ — ನಾಳೆ ಮಾತ್ರ ನಡೆದೇ ಹೋಗುತ್ತೇನೆ, ಆಂಟಿ.